ಚೀಲದ ನಡುವಿನ ಕರಿಗೋಟು

ಮೂರು ವರ್ಷಗಳ ಹಿಂದೆ ನಾನು ಮಾರಿದ ಆರು ಚೀಲ ಚಾಲಿ ಅಡಿಕೆಯಲ್ಲಿ, ಅಂದರೆ ಒಣಗಿಸಿ ಸುಲಿದ ಅಡಿಕೆಯಲ್ಲಿ, ಎರಡು ಚೀಲಗಳ ನಡುಭಾಗಕ್ಕೆ ಕರಿಗೋಟನ್ನು, ಅಂದರೆ ಕಪ್ಪಾಗಿ ಹಾಳಾದ ಕಡಿಮೆ ದರದ ಅಡಿಕೆಯನ್ನು, ಬೆರೆಸಿದ್ದೆ. ಬದಿಯಡ್ಕ ಕಡೆಯ ಆ ವ್ಯಾಪಾರಿ ನನ್ನ ತಂದೆಯ ಕಾಲದಿಂದಲೂ ನಮ್ಮ ತೋಟದ ಅಡಿಕೆ ಕೊಳ್ಳುತ್ತಿದ್ದವರು. "ನಿಮ್ಮ ಅಡಿಕೆಯನ್ನು ಸುರಿದು ನೋಡಲಿಕ್ಕೆ ಏನುಂಟು?" ಎಂದು ಹೇಳಿ, ತೂಕ ಮಾಡಿ, ಹಣ ಎಣಿಸಿ ಕೊಟ್ಟರು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಇದನ್ನು ಪಾಪನಿವೇದನೆಯಲ್ಲಿ, ನಮ್ಮ ಮನೆಮಾತು ಕೊಂಕಣಿಯಲ್ಲಿ ಹೇಳುವುದಾದರೆ ಕುಮ್ಸಾರಿನಲ್ಲಿ, ಹೇಳಿಕೊಂಡೆ. ಹೆಚ್ಚು ಬಂದ ಹಣವನ್ನು ಇಗರ್ಜಿಯ ಕಾಣಿಕೆ ಡಬ್ಬಿಗೆ ಹಾಕುತ್ತೇನೆ ಎಂದಾಗ ಗುರುಗಳು ಒಪ್ಪಲಿಲ್ಲ. ಬೈಬಲಿನ ಸಂಖ್ಯಾಕಾಂಡದ 5ನೇ ಅಧ್ಯಾಯವನ್ನು ಓದಿ ಬರಲು ಹೇಳಿದರು.

ಒಬ್ಬನು ಇನ್ನೊಬ್ಬನಿಗೆ ಅನ್ಯಾಯ ಮಾಡಿದರೆ ಅದು ದೇವರಿಗೇ ಮಾಡಿದ ದ್ರೋಹ ಎಂದು ಅಲ್ಲಿದೆ. ಅವನು ತಪ್ಪನ್ನು ಒಪ್ಪಿಕೊಳ್ಳಬೇಕು, ಪೂರ್ಣ ಮೌಲ್ಯದ ಜೊತೆಗೆ ಐದನೆಯ ಒಂದು ಪಾಲನ್ನು ಸೇರಿಸಿ ಅನ್ಯಾಯಕ್ಕೊಳಗಾದವನಿಗೇ ಕೊಡಬೇಕು. ಅದನ್ನು ಪಡೆಯಲು ಹತ್ತಿರದ ಬಂಧುವೂ ಇಲ್ಲದಿದ್ದರೆ ಮಾತ್ರ ಅದು ಯಾಜಕನ ಪಾಲು. ನನ್ನ ವ್ಯಾಪಾರಿ ಎರಡು ಮೈಲಿ ದೂರದಲ್ಲಿ ಜೀವಂತ ಇರುವಾಗ ಡಬ್ಬಿಯ ಮಾತೇ ಏಳುವಂತಿರಲಿಲ್ಲ.

ಲೂಕನ ಸುವಾರ್ತೆಯ 19ನೇ ಅಧ್ಯಾಯದ ಸುಂಕ ವಸೂಲಿಗಾರ ಜಕ್ಕಾಯನನ್ನು ನಾವು ಹೆಚ್ಚಾಗಿ ಮರ ಹತ್ತಿದ ಗಿಡ್ಡ ಮನುಷ್ಯನೆಂದೇ ಮಕ್ಕಳಿಗೆ ಹೇಳಿಕೊಡುತ್ತೇವೆ. ಅವನು ಎದ್ದು ನಿಂತು, ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದದ್ದನ್ನು ಅಷ್ಟಾಗಿ ವಿವರಿಸುವುದಿಲ್ಲ. ಕುರಿಯನ್ನು ಕದ್ದು ಕೊಂದವನು ಅಥವಾ ಮಾರಿದವನು ನಾಲ್ಕು ಕುರಿ ಕೊಡಬೇಕೆಂಬುದು ವಿಮೋಚನಾಕಾಂಡದ ನಿಯಮ. ತಾನಾಗಿಯೇ ಒಪ್ಪಿಕೊಂಡವನಿಗೆ ಐದನೆಯ ಒಂದು ಪಾಲು ಸೇರಿಸಿದರೆ ಸಾಕಿದ್ದರೂ ಜಕ್ಕಾಯ ತನ್ನನ್ನು ಕಳ್ಳನ ಸಾಲಿನಲ್ಲೇ ನಿಲ್ಲಿಸಿಕೊಂಡ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ ಕದ್ದದ್ದನ್ನು ಮಾಲೀಕನಿಗೆ ಹಿಂದಿರುಗಿಸುವ ಕರ್ತವ್ಯವನ್ನು ಹೇಳುವಾಗ ಇವನನ್ನೇ ನೆನೆಯುತ್ತದೆ.

ಹಣ ತೆಗೆದುಕೊಂಡು ವ್ಯಾಪಾರಿಯ ಬಳಿ ಹೋದೆ. ಹೇಳಲು ಬಾಯಿ ಬರಲು ಬಹಳ ಹೊತ್ತು ಬೇಕಾಯಿತು. ಎಲ್ಲವನ್ನೂ ಕೇಳಿದ ಮೇಲೆ ಅವರು ಹೇಳಿದ ಸಂಗತಿ ನನಗೆ ತಿಳಿದಿರಲಿಲ್ಲ: ಅವರು ಮುಂದೆ ಮಾರಿದ ಆ ಲೋಡಿಗೆ ದರ ಕಡಿತವಾದಾಗ ಅವರು ಸಂಶಯಪಟ್ಟದ್ದು ಇನ್ನೊಬ್ಬ ಬಡ ಕೃಷಿಕನನ್ನು, ಅವನಿಂದ ಅಡಿಕೆ ಕೊಳ್ಳುವುದನ್ನೇ ನಿಲ್ಲಿಸಿದ್ದರು. ನಾನು ಗುಟ್ಟಾಗಿ ಡಬ್ಬಿಗೆ ಹಾಕಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು, ಅವನ ಮೇಲಿನ ಕಳಂಕ ಹಾಗೆಯೇ ಉಳಿಯುತ್ತಿತ್ತು. ಅವನ ಮನೆಗೂ ಹೋದೆ. ಅವನು ನನ್ನನ್ನು ಒಳಗೆ ಕರೆಯಲಿಲ್ಲ, ಅದು ನ್ಯಾಯವೇ. ಆ ವರ್ಷಗಳ ಅವನ ನಷ್ಟವನ್ನು ಐದನೆಯ ಯಾವ ಪಾಲಿನಿಂದ ಅಳೆಯಲಿ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಈ ಸಲ ಅಡಿಕೆ ಕೊಂಡೊಯ್ದಾಗ ಚೀಲಗಳನ್ನು ಸುರಿದು ನೋಡಬೇಕೆಂದು ನಾನೇ ಕೇಳಿಕೊಂಡೆ. ವ್ಯಾಪಾರಿ ಒಂದೊಂದನ್ನೂ ನೆಲಕ್ಕೆ ಸುರಿದು, ಕೈಯಾಡಿಸಿ ನೋಡಿದ ಮೇಲೆ ತೂಕಕ್ಕೆ ಇಟ್ಟರು.