ಸೀತಾಳೆ ಗಿಡದಿಂದ ಮರೆವು ವಾಸಿಯಾಗುತ್ತದಾ?

ಆರ್ಕಿಡ್ ಬೆಳೆಸುತ್ತೇನೆ ಅಂದರೆ ಜನ ಮೊದಲೆಲ್ಲ "ಇದು ಯಾವಾಗ ಹೂ ಬಿಡುತ್ತೆ?" ಅಂತ ಕೇಳುತ್ತಿದ್ದರು. ಈಗೀಗ ಕೇಳುವುದೇ ಬೇರೆ: "ಆರ್ಕಿಡ್‌ನಲ್ಲಿ ನೆನಪು ಉಳಿಸೋ ಔಷಧಿ ಇದೆಯಂತಲ್ಲ, ಅಮ್ಮನಿಗೆ ಕೊಡಬಹುದಾ?" ದನಿ ಕೇಳಿದರೇ ತಿಳಿಯುತ್ತದೆ, ಮನೆಯಲ್ಲಿ ಯಾರಿಗೋ ಮರೆವು ಶುರುವಾಗಿದೆ ಅಂತ. ಅದಕ್ಕೇ ಉತ್ತರವನ್ನು ಸಾವಕಾಶವಾಗಿ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಪಕ್ಕದ ಊರಿನವರೊಬ್ಬರು ಅಡಿಕೆ ಹಾಳೆಯಲ್ಲಿ ಸುತ್ತಿಕೊಂಡು ಸೀತಾಳೆ ದಂಡೆ ಎಂಬ ಆರ್ಕಿಡ್ ಗಿಡವೊಂದನ್ನು ತಂದರು. ಮರದಿಂದ ಎಳೆದು ಕಿತ್ತಿದ್ದು; ಬೇರಿನ ತುದಿಗಳಿಗೆ ಇನ್ನೂ ತೊಗಟೆ ಅಂಟಿಕೊಂಡಿತ್ತು. "ಅಮ್ಮ ನನ್ನ ಹೆಸರೇ ಮರೀತಿದಾರೆ ಮಾರಾಯ್ರೇ. ಇದರ ಕಷಾಯ ಹೇಗೆ ಮಾಡೋದು ಹೇಳಿ" ಅಂದರು.

ಅವರು ಕೇಳಿದ ಸುದ್ದಿ ಪೂರ್ತಿ ಸುಳ್ಳಲ್ಲ. ಚೀನಾದಲ್ಲಿ ತಿಯೆನ್‌ಮಾ ಎಂಬ ಆರ್ಕಿಡ್ ಇದೆ, ಶಾಸ್ತ್ರೀಯ ಹೆಸರು ಗ್ಯಾಸ್ಟ್ರೋಡಿಯಾ ಎಲಾಟಾ. ಅದಕ್ಕೆ ಎಲೆಯಿಲ್ಲ, ಹಸಿರಿಲ್ಲ. ಮಣ್ಣಿನೊಳಗೆ ಆರ್ಮಿಲ್ಲೇರಿಯಾ ಎಂಬ ಶಿಲೀಂಧ್ರದಿಂದ ಆಹಾರ ಪಡೆದು ಬದುಕುತ್ತದೆ. ಅದರ ಗೆಡ್ಡೆಯನ್ನು ತಲೆಸುತ್ತು, ತಲೆನೋವಿಗೆ ಶತಮಾನಗಳಿಂದ ಬಳಸುತ್ತ ಬಂದಿದ್ದಾರೆ. ಅದರ ಮುಖ್ಯ ಸಂಯುಕ್ತ ಗ್ಯಾಸ್ಟ್ರೋಡಿನ್. ಇನ್ನೊಂದು ಗಿಡ ಡೆಂಡ್ರೋಬಿಯಂ ನೋಬಿಲೆ, ನಮ್ಮ ಸಿಕ್ಕಿಂನ ರಾಜ್ಯಪುಷ್ಪ. ಅದರ ಕಾಂಡದಿಂದ ಡೆಂಡ್ರೋಬಿನ್ ಎಂಬ ಕ್ಷಾರಾಭವನ್ನು (ಗಿಡಗಳಲ್ಲಿ ಸಿಗುವ ಒಂದು ಬಗೆಯ ಪ್ರಬಲ ರಾಸಾಯನಿಕ) 1932ರಲ್ಲೇ ಬೇರ್ಪಡಿಸಿದ್ದರು.

ಇವೆರಡನ್ನೂ ಇಲಿಗಳ ಮೇಲೆ ಪರೀಕ್ಷಿಸಿದ್ದಾರೆ. ಒಂದು ದುಂಡನೆಯ ತೊಟ್ಟಿಯಲ್ಲಿ ನೀರು, ಮೇಲ್ಮೈಯಿಂದ ತುಸು ಕೆಳಗೆ ಕಣ್ಣಿಗೆ ಕಾಣದ ಪುಟ್ಟ ಕಟ್ಟೆ. ಇಲಿ ಈಜುತ್ತ ಹುಡುಕಿ ಹುಡುಕಿ ಕಟ್ಟೆ ಹತ್ತುತ್ತದೆ. ದಿನ ಕಳೆದಂತೆ ಗೋಡೆಯ ಮೇಲಿನ ಗುರುತು ನೋಡಿಕೊಂಡು ನೇರ ಅಲ್ಲಿಗೇ ಹೋಗುತ್ತದೆ. ಮರೆವಿನ ಇಲಿಗೆ ಅದಾಗದು, ಸುತ್ತುತ್ತಲೇ ಇರುತ್ತದೆ. ಈ ಸಂಯುಕ್ತಗಳನ್ನು ಕೊಟ್ಟ ಇಲಿಗಳು ಕಟ್ಟೆಯನ್ನು ಬೇಗ ಹುಡುಕಿಕೊಂಡವು. ಮೆದುಳಿನಲ್ಲಿ ಉರಿಯೂತವೂ ಕಡಿಮೆಯಾಗಿತ್ತು. ಓದಿದಾಗ ನನಗೂ ಆಸೆ ಹುಟ್ಟಿತ್ತು.

ಆದರೆ ಅಲ್ಜೈಮರ್ಸ್ ಎಂಬ ಮರೆವಿನ ರೋಗದ ಇಲಿ ಅಂದರೆ ಮನುಷ್ಯನ ದೋಷಯುಕ್ತ ಜೀನ್ ಸೇರಿಸಿ ಕೆಲವೇ ತಿಂಗಳಲ್ಲಿ ರೋಗ ಬರಿಸಿದ ಇಲಿ. ಅಜ್ಜಿಯ ಮೆದುಳಿನಲ್ಲಿ ಅದೇ ರೋಗ ಹತ್ತಾರು ವರ್ಷ ಸದ್ದಿಲ್ಲದೆ ಬೆಳೆದಿರುತ್ತದೆ. ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಔಷಧಿಗಳು ಬೇಕಾದಷ್ಟಿವೆ. ಹಾಗಂತ ಗಿಡದಿಂದ ಮರೆವಿನ ಔಷಧಿ ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸ್ನೋಡ್ರಾಪ್ ಎಂಬ ಹೂಗಿಡದ ಜಾತಿಯಲ್ಲಿ ಸಿಕ್ಕ ಗ್ಯಾಲಂಟಮೈನ್ ಅನ್ನು ವೈದ್ಯರು ಇವತ್ತು ಅಲ್ಜೈಮರ್ಸ್‌ಗೆ ಬರೆದುಕೊಡುತ್ತಾರೆ. ರೋಗ ವಾಸಿಯಾಗುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ಅನುಕೂಲವಾಗುತ್ತದೆ. ಅದು ಶುದ್ಧ ಮಾಡಿ, ಪ್ರಮಾಣ ಗೊತ್ತುಮಾಡಿ, ಸಾವಿರಾರು ರೋಗಿಗಳಲ್ಲಿ ಪರೀಕ್ಷಿಸಿದ ಮೇಲೆ ಬಂದ ಮಾತ್ರೆ.

ಇನ್ನು ಸೀತಾಳೆ ದಂಡೆ ಆ ಎರಡು ಗಿಡಗಳಲ್ಲಿ ಒಂದೂ ಅಲ್ಲ, ಅದು ರಿಂಕೋಸ್ಟೈಲಿಸ್ ರೆಟೂಸಾ. ಆರ್ಕಿಡ್ ಕುಟುಂಬದಲ್ಲಿ 25,000ಕ್ಕೂ ಹೆಚ್ಚು ಜಾತಿಗಳಿವೆ. ಕಬ್ಬು, ಬಿದಿರು ಒಂದೇ ಕುಟುಂಬದವು. ಬಿದಿರು ಹಿಂಡಿದರೆ ಬೆಲ್ಲ ಬರುತ್ತದೆಯೇ? ಸರಿಯಾದ ಗಿಡವೇ ಸಿಕ್ಕಿದರೂ ಕಷಾಯದಲ್ಲಿ ಎಷ್ಟು ಇಳಿಯಿತು ಅಂತ ಅಳೆಯುವವರು ಯಾರು? ಡೆಂಡ್ರೋಬಿನ್‌ನ ರಚನೆ ಪಿಕ್ರೋಟಾಕ್ಸಿನ್ ಎಂಬ, ಫಿಟ್ಸ್ ಬರಿಸುವ ವಿಷಕ್ಕೆ ಹತ್ತಿರದ್ದು. ವಯಸ್ಸಾದವರು ಬಿಪಿ, ಸಕ್ಕರೆ ಅಂತ ಮೊದಲೇ ನಾಲ್ಕಾರು ಮಾತ್ರೆ ನುಂಗುತ್ತಿರುತ್ತಾರೆ. ಅದರ ಮೇಲೆ ಇದನ್ನು ಸುರಿಯಲು ನನಗೆ ಭಯ.

ಅವರಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಅಮ್ಮನ ರಕ್ತಪರೀಕ್ಷೆ ಮಾಡಿಸಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ನಿದ್ದೆಮಾತ್ರೆಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಅದಲ್ಲ ಅಂತಾದರೆ ನರರೋಗ ತಜ್ಞರ ಹತ್ತಿರ ಹೋಗಿ, ತಡ ಮಾಡಬೇಡಿ.

ಗಿಡವನ್ನು ಇಟ್ಟುಕೊಂಡೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿಯಿಲ್ಲ. ತಕ್ಕ ಶಿಲೀಂಧ್ರ ಸಿಕ್ಕಿದರೆ ಮಾತ್ರ ಮೊಳಕೆ. ಅಲ್ಲಿಂದ ಹೂವಿಗೆ ಬರಲು ವರ್ಷಗಳೇ ಬೇಕು. ಹಾಗೆ ಬೆಳೆದದ್ದು ಒಂದು ಪಾತ್ರೆ ಕಷಾಯಕ್ಕೆ ಮುಗಿದುಹೋಗುವುದನ್ನು ನೋಡಲಾರೆ. ಹಿತ್ತಲ ಹಲಸಿನ ಮರಕ್ಕೆ ಬಾಳೆನಾರಿನಿಂದ ಕಟ್ಟಿದೆ. ನೀರು ಚಿಮುಕಿಸಿದಾಗ ಬೂದುಬಣ್ಣದ ಬೇರುಗಳು ನೋಡುತ್ತಿದ್ದಂತೆ ಹಸಿರಾದವು. ಈಗ ಒಂದು ಹೊಸ ಬೇರು ತೊಗಟೆ ಹಿಡಿದಿದೆ. ಅವರು ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವಾಗೆಲ್ಲ ಇಳಿದು ಅದನ್ನು ನೋಡಿಕೊಂಡು ಹೋಗುತ್ತಾರೆ.