ಬೀನೋ ಆಲ್ಬಮ್ ಕಲಿಕೆ: ಆರನೇ ವಾರ

ಗಿಟಾರಿನಲ್ಲಿ "ಹೈಡ್ ಅವೇ" ಟ್ಯೂನಿನ ಮೊದಲ ಎರಡು ಸುತ್ತು ಈಗ ತಡವರಿಸದೆ ಬರುತ್ತಿದೆ. ವೇಗ ಇನ್ನೂ ಮುಕ್ಕಾಲು ಪಾಲು ಅಷ್ಟೇ.

ಈ ವಾರ ಸೇರಿಕೊಂಡವರಿಗೆ: ನಾನು ಕಲಿಯುತ್ತಿರುವುದು 1966ರಲ್ಲಿ ಡೆಕ್ಕಾ ಹೊರತಂದ ಜಾನ್ ಮೇಯಾಲ್ ಅವರ ಬ್ಲೂಸ್ ತಂಡದ ಆಲ್ಬಮ್ "ಬ್ಲೂಸ್ ಬ್ರೇಕರ್ಸ್ ವಿತ್ ಎರಿಕ್ ಕ್ಲಾಪ್ಟನ್". ಮುಖಪುಟದಲ್ಲಿ ತಂಡದ ಗಿಟಾರಿಸ್ಟ್ ಕ್ಲಾಪ್ಟನ್ ಬೀನೋ ಕಾಮಿಕ್ಸ್ ಹಿಡಿದು ಕೂತಿದ್ದಾರೆ, ಅದಕ್ಕೇ ಈ ಹೆಸರು. ಆಗ ಅವರಿಗೆ ಬರೀ 21 ವರ್ಷ.

ಮೂರು ವಾರದಿಂದ ನನ್ನನ್ನು ಕಾಡಿದ್ದು ಸ್ವರಗಳಲ್ಲ, ಸೌಂಡು. ಆಂಪ್ಲಿಫೈಯರ್‌ನಲ್ಲಿ ಗೇನ್ (ಸದ್ದು ಒರಟಾಗಿಸುವ ಗುಂಡಿ) ಪೂರ್ತಿ ಏರಿಸಿ, ವಾಲ್ಯೂಮ್ ಇಳಿಸಿ ನುಡಿಸುತ್ತಿದ್ದೆ. ಜೀರುಂಡೆ ಕೂಗಿದ ಹಾಗೆ ಕೇಳುತ್ತಿತ್ತು. ಲಂಡನ್ನಿನ ಡೆಕ್ಕಾ ಸ್ಟುಡಿಯೋದಲ್ಲಿ ನಡೆದದ್ದು ಇದಕ್ಕೆ ಪೂರ್ತಿ ಉಲ್ಟಾ. ಲೆಸ್ ಪಾಲ್ ಗಿಟಾರ್, ಎರಡು 12 ಇಂಚಿನ ಸ್ಪೀಕರ್ ಇರುವ ಮಾರ್ಷಲ್ ಕಾಂಬೋ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ), ವೇದಿಕೆಯಲ್ಲಿ ಇಡುವಷ್ಟೇ ಜೋರು. ಆಗಿನ ಸ್ಟುಡಿಯೋಗಳಲ್ಲಿ ಅಷ್ಟು ಗದ್ದಲ ರೂಢಿಯಲ್ಲಿರಲಿಲ್ಲ, ಎಂಜಿನಿಯರ್ ಗಸ್ ಡಜನ್ ಅವರಿಗೆ ಗಾಬರಿಯೇ ಆಗಿತ್ತು, ಆದರೆ ಕ್ಲಾಪ್ಟನ್ ವಾಲ್ಯೂಮ್ ಇಳಿಸಲು ಒಪ್ಪಲಿಲ್ಲ. ಆಂಪ್‌ನ ವಾಲ್ವ್‌ಗಳನ್ನು (ಸದ್ದು ಹಿಗ್ಗಿಸುವ ಗಾಜಿನ ಕೊಳವೆಗಳು) ಅವುಗಳ ಮಿತಿಯವರೆಗೆ ದುಡಿಸಿದಾಗ ಸ್ವರದ ತುದಿ ಚಪ್ಪಟೆಯಾಗುತ್ತದೆ, ದಪ್ಪಗಾಗುತ್ತದೆ, ಬೇಗ ಸಾಯುವುದಿಲ್ಲ. ಫ್ರೆಡ್ಡಿ ಕಿಂಗ್ ಅವರ ಮೂಲ "ಹೈಡ್ ಅವೇ"ಯನ್ನೂ ಇದನ್ನೂ ಒಂದರ ಹಿಂದೆ ಒಂದು ಕೇಳಿ. ಅದು ಷಿಕಾಗೋದ ಒಂದು ಬಾರಿನ ಹೆಸರು ಹೊತ್ತ ಟ್ಯೂನ್, ಅಲ್ಲಿ ಗಿಟಾರ್ ಚುರುಕು, ತಿಳಿ. ಇಲ್ಲಿ ಅದೇ ಟ್ಯೂನ್ ಮನುಷ್ಯ ಎದೆಯಿಂದ ಕೂಗಿದಂತೆ ಬರುತ್ತದೆ. ರಾಕ್ ಗಿಟಾರಿಗೆ ದಾರಿ ತಿರುಗಿದ್ದು ಇಲ್ಲೇ ಅಂತ ನನಗೆ ಖಂಡಿತ ಅನ್ನಿಸುತ್ತದೆ. ಗಿಬ್ಸನ್ ಕಂಪನಿ ನಿಲ್ಲಿಸಿಬಿಟ್ಟಿದ್ದ ಹಳೇ ಆಕಾರದ ಲೆಸ್ ಪಾಲ್ 1968ರಲ್ಲಿ ವಾಪಸ್ ಬಂತು. ಆ ಮಾರ್ಷಲ್‌ಗೆ ಜನ ಇವತ್ತಿಗೂ ಬ್ಲೂಸ್‌ಬ್ರೇಕರ್ ಅಂತಲೇ ಅನ್ನುತ್ತಾರೆ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ 5 ವಾಟ್ ವಾಲ್ವ್ ಆಂಪ್‌ನಲ್ಲಿ ಗೇನ್ ಅರ್ಧಕ್ಕೆ ಇಳಿಸಿ ವಾಲ್ಯೂಮ್ ಪೂರ್ತಿ ತೆಗೆದೆ. ರೆಕಾರ್ಡ್ ಮಾಡುವ ಫೋನನ್ನು ಸ್ಪೀಕರ್ ಮುಂದಿನಿಂದ ತೆಗೆದು ಬಾಗಿಲ ಹತ್ತಿರ ಇಟ್ಟೆ, ಕ್ಲಾಪ್ಟನ್ ಕೂಡ ಮೈಕ್ ದೂರ ಇರಲಿ ಅಂತ ಹಟ ಹಿಡಿದಿದ್ದರಲ್ವಾ. ಮೂರನೇ ತಂತಿ, 14ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ), ಒಂದು ಪೂರ್ತಿ ಸ್ವರ ಮೇಲಕ್ಕೆ ಎಳೆದೆ. ಸ್ವರ ನಿಂತಿತು. ಕಿಟಕಿ ಗಾಜು ಸಣ್ಣಗೆ ನಡುಗಿತು. ಕಣ್ಣಲ್ಲಿ ನೀರು ಬಂತು, ನಿಜವಾಗಿ.

ಆದರೆ ಜೋರಾದಾಗ ತಪ್ಪೂ ಜೋರಾಗಿಯೇ ಕೇಳುತ್ತದೆ. ನನ್ನ ಬೆಂಡ್, ಅಂದರೆ ತಂತಿ ಎಳೆದು ಏರಿಸುವ ಸ್ವರ, ಸ್ವಲ್ಪ ಕೆಳಗೇ ನಿಲ್ಲುತ್ತಿದೆ. ಈಗ ಮೊದಲು ಎರಡನೇ ತಂತಿಯ 12ನೇ ಫ್ರೆಟ್ ಮೀಟಿ, ಅದೇ ಸ್ವರಕ್ಕೆ ಮೂರನೇ ತಂತಿಯನ್ನು ಎಳೆದು ಹೊಂದಿಸುತ್ತೇನೆ, ದಿನಕ್ಕೆ 50 ಸಲ. ವೈಬ್ರಾಟೋವನ್ನು (ಸ್ವರ ನಡುಗಿಸುವುದು) ಬೆರಳಿಂದಲ್ಲ, ಮಣಿಕಟ್ಟಿನಿಂದ ಮಾಡಲು ನೋಡುತ್ತಿದ್ದೇನೆ.

ಮುಂದಿನ ವಾರ ಇದೇ ಆಲ್ಬಮ್ಮಿನ "ಆಲ್ ಯುವರ್ ಲವ್". ನಡುವೆ ತಾಳ ಬದಲಾಗಿ ಓಡಲು ಶುರುವಾಗುತ್ತದಲ್ಲ, ಆ ಜಾಗದಿಂದಲೇ ಹಿಡಿಯುತ್ತೇನೆ.