ಏಳನೆಯ ಮಿಣುಕು

1970ರ ದಶಕದ ಕೊನೆಯಲ್ಲಿ ತಯಾರಾದ ಪಿನ್‌ಬಾಲ್ ಯಂತ್ರವೊಂದನ್ನು (ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡನ್ನು ಓಡಿಸಿ ಅಂಕ ಗಳಿಸುವ ಆಟದ ಯಂತ್ರ) ದುರಸ್ತಿ ಮಾಡುವುದರಲ್ಲಿ ನನ್ನ ಕಳೆದ ಕೆಲವು ವಾರಗಳ ಬಿಡುವಿನ ಸಮಯವೆಲ್ಲ ಕಳೆಯಿತು. ಸ್ವಿಚ್ ಹಾಕಿದರೆ ಆಟದ ಹಲಗೆಯ ಸಾಮಾನ್ಯ ದೀಪಗಳು ಹತ್ತಿಕೊಳ್ಳುತ್ತಿದ್ದವು, ಆದರೆ ಅಂಕಗಳನ್ನು ತೋರಿಸುವ ಫಲಕಗಳು ಕತ್ತಲಾಗಿಯೇ ಉಳಿಯುತ್ತಿದ್ದವು, ಆಟ ಆರಂಭವಾಗುತ್ತಲೇ ಇರಲಿಲ್ಲ. ಆ ದೀಪಗಳಿಗೆ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನಿಂದ ನೇರವಾಗಿ ಬರುತ್ತದೆಯಾದ್ದರಿಂದ, ಅವು ಉರಿದ ಮಾತ್ರಕ್ಕೆ ಆಟವನ್ನು ನಡೆಸುವ ಮುಖ್ಯ ಬೋರ್ಡ್ ಜೀವಂತವಾಗಿದೆ ಎಂದು ಹೇಳಲಾಗದು.

ಈ ಪೀಳಿಗೆಯ ಬೋರ್ಡಿನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಏರ್ಪಾಡಿದೆ. ಅದರ ಮೇಲೆ ಒಂದೇ ಒಂದು ಎಲ್‌ಇಡಿ ಇರುತ್ತದೆ. ವಿದ್ಯುತ್ತು ಬಂದಾಗ 6800 ಪ್ರೊಸೆಸರ್ ತನ್ನ ಸುತ್ತಲಿನ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿ, ಪ್ರತಿ ಪರೀಕ್ಷೆ ಮುಗಿದಾಗಲೂ ಆ ಎಲ್‌ಇಡಿಯನ್ನು ಒಮ್ಮೆ ಮಿಣುಕಿಸುತ್ತದೆ: ಮೊದಲು ಪ್ರೋಗ್ರಾಮ್ ಇರುವ ರೋಮ್ ಚಿಪ್‌ಗಳು, ಬಳಿಕ 6810 ರ‍್ಯಾಮ್, ಅದರ ನಂತರ ಬ್ಯಾಟರಿಯ ಆಸರೆಯಲ್ಲಿ ಅಂಕಗಳನ್ನು ನೆನಪಿಟ್ಟುಕೊಳ್ಳುವ 5101 ರ‍್ಯಾಮ್, ಹೊರಗಿನ ಸಂಪರ್ಕ ನೋಡಿಕೊಳ್ಳುವ ಎರಡು ಪಿಐಎ ಚಿಪ್‌ಗಳು, ಅಂಕಫಲಕಕ್ಕೆ ತಾಳ ಕೊಡುವ 555 ಟೈಮರ್, ಕೊನೆಯದಾಗಿ ಹಲಗೆಯ ಚಲಿಸುವ ಭಾಗಗಳನ್ನು ಎಳೆಯುವ ತಂತಿಸುರುಳಿಗಳಿಗೆ, ಅಂದರೆ ಕಾಯಿಲ್‌ಗಳಿಗೆ, ಹೋಗುವ 43 ವೋಲ್ಟಿನ ಸಾಲಿನಿಂದ ಬರುವ ಸಂಕೇತ. ಏಳು ಮಿಣುಕು ಮುಗಿದರೆ ಆಟ ಸಿದ್ಧ. ನಡುವೆ ನಿಂತರೆ, ನಿಂತ ಸ್ಥಳವೇ ದೋಷದ ವಿಳಾಸ.

ನನ್ನ ಬೋರ್ಡಿನಲ್ಲಿ ಎಲ್‌ಇಡಿ ಒಂದು ಬಾರಿಯೂ ಮಿಣುಕದೆ ಸತತವಾಗಿ ಉರಿಯುತ್ತಿತ್ತು.

ಯಂತ್ರವನ್ನು ಆರಿಸಿ, ಫ್ಯೂಸ್‌ಗಳನ್ನೆಲ್ಲ ಹೊರತೆಗೆದು ಮೀಟರಿನಲ್ಲಿ ನೋಡಿದಾಗ ಕಾಯಿಲ್‌ಗಳ 5 ಆಂಪಿಯರ್ ಫ್ಯೂಸ್ ಸುಟ್ಟುಹೋಗಿತ್ತು. ಅದನ್ನು ಕೂಡಲೇ ಬದಲಿಸಲಿಲ್ಲ. ಫ್ಯೂಸ್ ಕಾರಣವಿಲ್ಲದೆ ಸುಡುವುದು ಅಪರೂಪ. ಅಲ್ಲದೆ 43 ವೋಲ್ಟ್ ಇಲ್ಲದಿದ್ದರೆ ತಪ್ಪಬೇಕಾದದ್ದು ಏಳನೆಯ ಮಿಣುಕು ಮಾತ್ರವೇ ಹೊರತು ಏಳೂ ಅಲ್ಲ. ಹಾಗಾಗಿ ದೋಷಗಳು ಎರಡಿವೆ ಎಂದು ತಿಳಿದುಕೊಂಡು, ಬೋರ್ಡನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಬೇರೆ ಪವರ್ ಸಪ್ಲೈಯಿಂದ 5 ಮತ್ತು 12 ವೋಲ್ಟ್ ಕೊಟ್ಟೆ. ಹೀಗೆ ಮೇಜಿನ ಮೇಲೆ ಪರೀಕ್ಷಿಸುವುದರಲ್ಲಿ ಇನ್ನೊಂದು ನೆಮ್ಮದಿಯೂ ಇದೆ: ಅಂಕಫಲಕಗಳಿಗೆ ಹೋಗುವ ಸುಮಾರು 190 ವೋಲ್ಟಿನ ಹತ್ತಿರ ಕೈಯಾಡಿಸಬೇಕಾಗಿಲ್ಲ.

ಕಣ್ಣಿಗೆ ಮೊದಲು ಬಿದ್ದದ್ದು ಬ್ಯಾಟರಿಯ ಸುತ್ತಲಿನ ಹಸಿರು ಕಿಲುಬು. 3.6 ವೋಲ್ಟಿನ ನಿಕ್ಕಲ್-ಕ್ಯಾಡ್ಮಿಯಮ್ ಬ್ಯಾಟರಿ ಸೋರಿದಾಗ ಹೊರಬರುವ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ತಾಮ್ರದ ಗೆರೆಗಳನ್ನು ತಿನ್ನುತ್ತ ಹರಡುತ್ತದೆ, ಮತ್ತು ದುರದೃಷ್ಟವಶಾತ್ ಪ್ರೊಸೆಸರನ್ನು ಎಚ್ಚರಿಸುವ ರೀಸೆಟ್ ಮಂಡಲ ಇರುವುದೂ ಅದರ ಪಕ್ಕದಲ್ಲಿಯೇ. ವಿದ್ಯುತ್ತು ಸ್ಥಿರವಾಗುವವರೆಗೆ ಪ್ರೊಸೆಸರಿನ 40ನೆಯ ಪಿನ್ನನ್ನು ಸೊನ್ನೆ ವೋಲ್ಟಿನ ಹತ್ತಿರ ಹಿಡಿದಿಟ್ಟು, ಆಮೇಲೆ ಬಿಟ್ಟುಕೊಡುವುದು ಆ ಮಂಡಲದ ಕೆಲಸ. ಮೀಟರಿಟ್ಟು ನೋಡಿದೆ. ಪ್ರೊಸೆಸರಿಗೆ ವಿದ್ಯುತ್ತು ಬರುವ 8ನೆಯ ಪಿನ್ನಿನಲ್ಲಿ 5 ವೋಲ್ಟ್ ಸರಿಯಾಗಿ ಇತ್ತು, 40ನೆಯದರಲ್ಲಿ ಹೆಚ್ಚುಕಡಿಮೆ ಸೊನ್ನೆ. ಎಂದರೆ ಪ್ರೊಸೆಸರ್ ಕೆಟ್ಟಿರಲಿಲ್ಲ, ಅದಕ್ಕೆ ಓಡಲು ಅಪ್ಪಣೆಯೇ ಸಿಕ್ಕಿರಲಿಲ್ಲ. ಇಂಥ ಸಂದರ್ಭದಲ್ಲಿ ಚಿಪ್‌ಗಳನ್ನು ಒಂದರ ಮೇಲೊಂದು ಬದಲಿಸುತ್ತ ಹೋಗುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಹಳೆಯ ಬೋರ್ಡಿನಿಂದ 40 ಕಾಲಿನ ಸಾಕೆಟ್ಟನ್ನು ಕೀಳುವಾಗ ಕಿತ್ತುಬರುವ ತಾಮ್ರ, ಮೂಲ ದೋಷಕ್ಕಿಂತ ದೊಡ್ಡ ದೋಷವನ್ನು ಹುಟ್ಟಿಸಬಲ್ಲದು.

ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಕಿಲುಬನ್ನು ಕೆರೆದು, ಕ್ಷಾರ ಶಮನವಾಗಲೆಂದು ವಿನೆಗರ್ ಹಚ್ಚಿ, ನೀರಿನಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆ. ಬೋರ್ಡ್ ಪೂರ್ತಿ ಒಣಗಿದ ಮೇಲೆ ಆ ಮೂಲೆಯ ಟ್ರಾನ್ಸಿಸ್ಟರ್‌ಗಳನ್ನೂ ರೆಸಿಸ್ಟರ್‌ಗಳನ್ನೂ ಹೊಸದಾಗಿ ಬೆಸೆದು, ತುಂಡಾಗಿದ್ದ ಎರಡು ಗೆರೆಗಳಿಗೆ ಸಣ್ಣ ತಂತಿ ಜೋಡಿಸಿದೆ. ಈ ಬಾರಿ 40ನೆಯ ಪಿನ್ ಮೇಲೇರಿತು, ಎಲ್‌ಇಡಿ ಎರಡು ಸಲ ಮಿಣುಕಿ ನಿಂತಿತು. ಮೂರನೆಯದು 5101ರ ಸರದಿ. ಅದರ ಸಾಕೆಟ್ಟಿನ ಕಾಲುಗಳಿಗೂ ಕಿಲುಬು ತಗುಲಿತ್ತು. ಸಾಕೆಟ್ ಬದಲಿಸಿ, ಚಿಪ್ ಹಳೆಯದನ್ನೇ ಕೂರಿಸಿದೆ. ಆಗ ಆರು ಮಿಣುಕು ಬಂದವು. ಮೇಜಿನ ಮೇಲೆ 43 ವೋಲ್ಟ್ ಇಲ್ಲದ ಕಾರಣ ಆರಕ್ಕೆ ನಿಲ್ಲುವುದೇ ಸರಿಯಾದ ಫಲ. ಇದನ್ನು ತಿಳಿಯದೆ ಸರಿಯಿರುವ ಬೋರ್ಡನ್ನೇ ಮತ್ತೆ ಕೆದಕುವ ಅಪಾಯವಿರುವುದರಿಂದ ಒತ್ತಿ ಹೇಳುತ್ತಿದ್ದೇನೆ.

ಇನ್ನು ಸುಟ್ಟ ಫ್ಯೂಸಿನ ವಿಷಯ. ಕಾಯಿಲ್‌ಗಳನ್ನು ನಡೆಸುವ ಬೋರ್ಡಿನ ಟ್ರಾನ್ಸಿಸ್ಟರ್‌ಗಳನ್ನು ಮೀಟರಿನ ಡಯೋಡ್ ಪರೀಕ್ಷೆಯಲ್ಲಿ ಸಾಲಾಗಿ ನೋಡುತ್ತ ಹೋದಾಗ ಎಲ್ಲವೂ ಸುಮಾರು ಒಂದೇ ಅಂಕಿ ತೋರಿಸಿದವು, ಒಂದು ಮಾತ್ರ ಸೊನ್ನೆ ತೋರಿಸಿತು. ಅದಕ್ಕೆ ಸೇರಿದ ಬಂಪರ್ (ತಾಗಿದ ಚೆಂಡನ್ನು ಚಿಮ್ಮಿಸುವ ಭಾಗ) ಕಾಯಿಲನ್ನು ಅಳೆದೆ: ಪಕ್ಕದ ಬಂಪರ್‌ಗಳದು ಸುಮಾರು 11 ಓಮ್, ಇದರದು 2 ಓಮ್‌ಗಿಂತ ಕಡಿಮೆ. ಒಳಗಿನ ತಂತಿಯ ಸುತ್ತುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. 4 ಆಂಪಿಯರ್ ಎಳೆಯಬೇಕಾದ ಕಡೆ 20 ಆಂಪಿಯರ್ ಎಳೆಯುವ ಕಾಯಿಲಿಗೆ ಹೊಸ ಟ್ರಾನ್ಸಿಸ್ಟರ್ ಹಾಕಿದರೂ ಅದು ಉಳಿಯುತ್ತಿರಲಿಲ್ಲ.

ಆದರೆ ಆಟದ ಹಲಗೆಯ ಕೆಳಗೆ ಇದೇ ಕಾಯಿಲ್‌ಗಳ ರಕ್ಷಣೆಗೆಂದು 1 ಆಂಪಿಯರಿನ ನಿಧಾನ ಫ್ಯೂಸ್ ಬೇರೆ ಇರುತ್ತದೆ. ಬಂಪರ್ ಕ್ಷಣಮಾತ್ರ ಎಳೆಯುವ ವಿದ್ಯುತ್ತನ್ನು ಅದು ತಾಳಿಕೊಳ್ಳುತ್ತದೆ, ಕಾಯಿಲ್ ಸಿಕ್ಕಿಕೊಂಡು ಎಳೆಯುತ್ತಲೇ ಇದ್ದರೆ ಸುಟ್ಟು ಉಳಿದದ್ದನ್ನು ಕಾಪಾಡುತ್ತದೆ. ಅದು ಏಕೆ ಸುಡಲಿಲ್ಲವೆಂದು ಬಗ್ಗಿ ನೋಡಿದರೆ, ಆ ಜಾಗದಲ್ಲಿ ಯಾರೋ 10 ಆಂಪಿಯರಿನ ಫ್ಯೂಸ್ ಸಿಕ್ಕಿಸಿದ್ದರು! ಈ ಸಣ್ಣ ಗಾಜಿನ ಕೊಳವೆಯಿಂದಾಗಿಯೇ ಕಾಯಿಲ್ ಬೇಯುವಷ್ಟು ಹೊತ್ತು ವಿದ್ಯುತ್ತು ಹರಿದಿತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಕಾಯಿಲ್, ಟ್ರಾನ್ಸಿಸ್ಟರ್, ಎರಡೂ ಫ್ಯೂಸ್‌ಗಳನ್ನು ಬದಲಿಸಿ, ಬ್ಯಾಟರಿಯನ್ನು ಬೋರ್ಡಿನಿಂದ ದೂರಕ್ಕೆ, ತಂತಿಯ ತುದಿಯಲ್ಲಿ ಇಟ್ಟೆ. ಸಾಮಾನ್ಯ ಸೆಲ್‌ಗಳನ್ನು ಬಳಸಿದ್ದರಿಂದ ಬೋರ್ಡ್ ಅವನ್ನು ಚಾರ್ಜ್ ಮಾಡದಂತೆ ಒಂದು ಡಯೋಡನ್ನೂ ನಡುವೆ ಸೇರಿಸಬೇಕಾಯಿತು. ಬಳಿಕ ಸ್ವಿಚ್ ಹಾಕಿ ಎಣಿಸತೊಡಗಿದೆ. ಆರನೆಯದಕ್ಕೂ ಏಳನೆಯದಕ್ಕೂ ನಡುವಿನ ಆ ಅರೆಗಳಿಗೆ ಬಹಳ ದೀರ್ಘವೆನಿಸಿತು; ಏಳನೆಯ ಮಿಣುಕು ಬಂದೊಡನೆ ಅಂಕಫಲಕಗಳಲ್ಲಿ ಕಿತ್ತಳೆ ಬಣ್ಣದ ಸೊನ್ನೆಗಳು ಮೂಡಿದವು. ಹಲಗೆಯನ್ನು ಇಳಿಸುವ ಮೊದಲು, ಕೆಳಗಿನ ಫ್ಯೂಸಿನ ಪಕ್ಕದಲ್ಲಿ ‘1 ಆಂಪಿಯರ್, ನಿಧಾನ’ ಎಂದು ದಪ್ಪಕ್ಷರದಲ್ಲಿ ಬರೆದ ಚೀಟಿಯನ್ನು ಅಂಟಿಸಿದೆ.